ತಳ್ಳಿದರೆ ಸರಿಯುವ ಕಾರು

ನಮ್ಮ ಕಟ್ಟಡದಲ್ಲಿ ಎಂಟು ಮಹಡಿ, ನೂರ ಅರವತ್ತು ಮನೆ. ಕಾರು ನಿಲ್ಲಿಸಲು ಇರುವುದು ಅರವತ್ತೇ ಜಾಗ. ಉಳಿದವರು ಏನು ಮಾಡಬೇಕು? ಸಾಲಾಗಿ ನಿಂತ ಕಾರುಗಳ ಮುಂದೆ ತಮ್ಮ ಕಾರನ್ನು ಅಡ್ಡ ನಿಲ್ಲಿಸಿ, ಚಕ್ರ ನೇರ ಮಾಡಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಬ್ರೇಕು ಬಿಟ್ಟು ಮನೆಗೆ ಹೋಗಬೇಕು. ಒಳಗಿನವರು ಹೊರಡುವಾಗ ಅಡ್ಡ ನಿಂತದ್ದನ್ನು ನಾಲ್ಕು ಹೆಜ್ಜೆ ತಳ್ಳಿ ದಾರಿ ಮಾಡಿಕೊಳ್ಳುತ್ತಾರೆ. ಬ್ಯಾಂಕಾಕಿನಲ್ಲಿ ಎಲ್ಲ ಕಡೆಯೂ ಇದೇ ಕ್ರಮ. ಯಾರ ಕಾರನ್ನು ಯಾರು ಬೇಕಾದರೂ ತಳ್ಳಬಹುದು, ಒಂದು ಮಾತು ಕೇಳಬೇಕಾಗಿಲ್ಲ. ಬ್ರೇಕು ಹಾಕಿಕೊಂಡು ಹೋದವನು ಮಾತ್ರ ಪಾಪಿ.

ಅಂಥ ಪಾಪಿಗಳನ್ನು ಹಿಡಿಯುವುದು ನನ್ನ ಕೆಲಸವಾಗಿತ್ತು. ಯಾರೂ ಕೊಟ್ಟ ಕೆಲಸವಲ್ಲ, ನಾನೇ ತಲೆಗೆ ಕಟ್ಟಿಕೊಂಡದ್ದು. ನನ್ನ ಹೆಸರು ಬುಪ್ಪಾ, ವಯಸ್ಸು ಐವತ್ತೇಳು, ಮೂರನೇ ಮಹಡಿಯಲ್ಲಿ ಮನೆ, ಬೀದಿ ತುದಿಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಅಂಗಡಿ. ಬಟ್ಟೆಗೆ ಗುರುತು ಹಾಕುವ ದಪ್ಪ ಪೆನ್ನು ಸದಾ ಚೀಲದಲ್ಲಿ ಇರುತ್ತದೆ. ಯಾವುದಾದರೂ ಕಾರು ತಳ್ಳಿದರೆ ಸರಿಯದಿದ್ದರೆ ಅದರ ಗಾಜಿಗೆ ಚೀಟಿ ಅಂಟಿಸುತ್ತಿದ್ದೆ. ‘ಈ ಜಾಗ ನಿಮ್ಮಪ್ಪ ಬರೆದುಕೊಟ್ಟದ್ದೇ?’ ಎಂದು ಒಮ್ಮೆ. ‘ಬ್ರೇಕು ಬಿಡಲು ಬಾರದವರು ಬಸ್ಸಿನಲ್ಲಿ ಓಡಾಡಿ’ ಎಂದು ಇನ್ನೊಮ್ಮೆ. ಕೆಳಗೆ ಹೆಸರು ಬರೆಯುತ್ತಿರಲಿಲ್ಲ, ಆದರೆ ನನ್ನ ಅಕ್ಷರ ಕಟ್ಟಡಕ್ಕೆಲ್ಲ ಗೊತ್ತಿತ್ತು. ಗೊತ್ತಿರಲಿ ಎಂದೇ ನನ್ನ ಆಸೆ.

ಹೋದ ವರ್ಷ ನನ್ನ ಹಳೆಯ ಕಾರು ಕಣ್ಣು ಮುಚ್ಚಿತು. ಅದಕ್ಕೆ ಎಳೆಯುವ ಹ್ಯಾಂಡ್ ಬ್ರೇಕ್ ಇತ್ತು, ಎಳೆದರೆ ಹಿಡಿಯುತ್ತಿತ್ತು, ಬಿಟ್ಟರೆ ಬಿಡುತ್ತಿತ್ತು. ಅದರ ಬದಲಿಗೆ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಬಿಳಿ ಕಾರು ತೆಗೆದುಕೊಂಡೆ. ಇದಕ್ಕೆ ಹಿಡಿಕೆಯೇ ಇಲ್ಲ. ಸೀಟಿನ ಪಕ್ಕ ಕೋಟಿನ ಗುಂಡಿಯಷ್ಟು ದೊಡ್ಡ ಒಂದು ಸ್ವಿಚ್ಚು, ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಅಂತೆ. ಎಂಜಿನ್ ಆರಿಸಿದ ಕೂಡಲೇ ಕಾರು ತಾನೇ ಬ್ರೇಕು ಹಾಕಿಕೊಳ್ಳುತ್ತದೆ. ಬೇಡವೆಂದರೆ ಆರಿಸುವಾಗ ಸ್ವಿಚ್ಚನ್ನು ಒತ್ತಿ ಹಿಡಿದು, ಕೆಂಪು ದೀಪ ಆರಿದ್ದನ್ನು ನೋಡಿ ಇಳಿಯಬೇಕು. ಹಾಗೆಯೇ ಮಾಡುತ್ತಿದ್ದೆ. ಆರು ತಿಂಗಳು ಏನೂ ತೊಂದರೆ ಕೊಡಲಿಲ್ಲ.

ಜುಲೈಯಲ್ಲಿ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಾಗ ಅದರಲ್ಲಿಯೇ ಕಾರು ಓಡಿಸಿದೆ. ಆಮೇಲೆ ಬ್ರೇಕಿಗೆ ಹುಚ್ಚು ಹಿಡಿಯಿತು. ದೀಪ ಆರಿದ ಮೇಲೂ, ನಾನು ಇಳಿದು ಹೋದ ಮೇಲೂ, ಹಿಂದಿನ ಎಡ ಚಕ್ರದಲ್ಲಿ ಗರ್ ಎಂದು ಸದ್ದಾಗಿ ಬ್ರೇಕು ಕಚ್ಚಿಕೊಳ್ಳುವುದು. ಕಚ್ಚಿದ್ದು ಒಂದು ಸಲಕ್ಕೆ ಬಿಡದು. ಮೊದಲನೇ ಸಲ ಹಾಗಾದಾಗ ಅಡ್ಡಕ್ಕೆ ಸಿಕ್ಕಿದ್ದು ನಮ್ಮ ಕಾವಲುಗಾರ ಸನನ್ ಅವರ ಬೈಕು. ಎರಡನೇ ಸಲ ಬೆಳಗಿನ ಜಾವ, ಯಾರೂ ಎದ್ದಿರಲಿಲ್ಲ. ಎರಡೂ ಸಲ ಸನನ್ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು, ನಾನು ಸ್ವಿಚ್ಚು ಒತ್ತುತ್ತ ಕೂತಿದ್ದೆ, ಮೂರೋ ನಾಲ್ಕೋ ಸಲಕ್ಕೆ ಬಿಟ್ಟಿತ್ತು.

ಮೆಕ್ಯಾನಿಕ್ ಪ್ರಮೋತ್ ಕಾರಿನ ಕೆಳಗೆ ಮಲಗಿ ನೋಡಿ, ಚಕ್ರದ ಒಳಗಿನ ಮೋಟರಿಗೆ ನೀರು ಹೋಗಿದೆ, ಹೊಸದು ತರಿಸಬೇಕು, ಹತ್ತು ದಿನ ಆಗುತ್ತದೆ ಎಂದ. ಎದ್ದು ಕೈ ಒರೆಸಿಕೊಳ್ಳುತ್ತ ಇನ್ನೂ ಒಂದು ಮಾತು ಹೇಳಿದ.

“ಅಲ್ಲೀವರೆಗೂ ಯಾರ ಗಾಡಿಗೂ ಅಡ್ಡ ನಿಲ್ಲಿಸ್ಬೇಡಿ ಅಕ್ಕ. ಇದನ್ನ ನಂಬೋಕಾಗಲ್ಲ.”

ಆಯಿತಪ್ಪ ಎಂದೆ. ಸನನ್ ಅವರಿಗೆ ಒಂದು ಬುಟ್ಟಿ ರಂಬುಟಾನ್ ಹಣ್ಣು ಕೊಟ್ಟು, ಈ ವಿಷಯ ನಮ್ಮಿಬ್ಬರಲ್ಲೇ ಇರಲಿ ಎಂದೆ. ಚೀಟಿ ಅಂಟಿಸುವ ಬುಪ್ಪಾಳ ಕಾರೇ ಸರಿಯುವುದಿಲ್ಲ ಎಂದು ಗೊತ್ತಾದರೆ ಎಂಟು ಮಹಡಿಯೂ ನಗುತ್ತದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುವುದು ಬೇರೆಯವರ ವಿಷಯದಲ್ಲಿ ಚೆನ್ನಾಗಿರುತ್ತದೆ. ದೂರದ ಸುರಿನ್ ಪ್ರಾಂತ್ಯದ ಕಡೆಯ ಮನುಷ್ಯ ಸನನ್, ಹೆಚ್ಚು ಮಾತಿಲ್ಲ. ಹಣ್ಣು ತೆಗೆದುಕೊಂಡು ತಲೆಯಾಡಿಸಿದರು.

ಆ ಹತ್ತು ದಿನಗಳಲ್ಲಿ ಎಂಟನೆಯದು ಶುಕ್ರವಾರ. ಮಧ್ಯಾಹ್ನ ಹನ್ನೆರಡೂಕಾಲಿಗೆ ಬಟ್ಟೆಯ ಗಂಟು ತುಂಬಿಕೊಂಡು ಬಂದೆ. ಜಿಟಿಜಿಟಿ ಮಳೆ. ಖಾಲಿ ಜಾಗ ಒಂದೂ ಇಲ್ಲ. ಒಂದೇ ಒಂದು ಕಡೆ ಅಡ್ಡ ನಿಲ್ಲಿಸಲು ಸಂದು ಇತ್ತು, ಪ್ರಯೋಂಗ್ ಅಕ್ಕನ ನೀಲಿ ಕಾರಿನ ಮುಂದೆ. ಊಟ ಮಾಡಿ ಒಂದು ಗಂಟೆಯಲ್ಲಿ ಇಳಿದು ಬರುತ್ತೇನಲ್ಲ ಎಂದುಕೊಂಡೆ. ಸ್ವಿಚ್ಚು ಒತ್ತಿ ಹಿಡಿದೆ, ದೀಪ ಆರಿತು, ಇಳಿದು ಕೈಯಿಂದ ತಳ್ಳಿ ನೋಡಿದೆ, ಸರಿಯಿತು. ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ಬಿಸಿ ನೂಡಲ್ಸಿನ ಚೀಲ. ಲಿಫ್ಟಿನ ಹತ್ತಿರ ಬಂದಾಗ ಬೆನ್ನ ಹಿಂದೆ ಸಣ್ಣಗೆ ಗರ್ ಎಂದಿತು.

ಕೇಳಿಸಿತು. ಕೇಳಿಸಲಿಲ್ಲ ಎಂದು ಇವತ್ತು ಸುಳ್ಳು ಹೇಳಲಾರೆ. ಆದರೆ ಲಿಫ್ಟಿನ ಬಾಗಿಲು ತೆರೆದಿತ್ತು, ನೂಡಲ್ಸಿನ ಚೀಲ ಬೆರಳು ಸುಡುತ್ತಿತ್ತು, ಬೇರೆ ಯಾವುದೋ ಸದ್ದಿರಬೇಕು ಎಂದು ಒಳಗೆ ಹೋದೆ.

ಪ್ರಯೋಂಗ್ ಅಕ್ಕ ನನ್ನ ಮೇಲಿನ ಮನೆಯವಳು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಹತ್ತೊಂಬತ್ತು ವರ್ಷದಿಂದ ಅವಳ ಮನೆಯ ಪಲ್ಯ ನನ್ನ ಮನೆಗೆ, ನನ್ನ ಮನೆಯದು ಅವಳ ಮನೆಗೆ. ಅವಳ ತಾಯಿ ತೀರಿಕೊಂಡು ಅಂದಿಗೆ ಆರು ದಿನ. ಬ್ಯಾಂಕಾಕಿನಿಂದ ಕಾರಿನಲ್ಲಿ ಒಂದೂವರೆ ಗಂಟೆ ದೂರದ ಪ್ಯಾಡ್ರಿಯೂ ಎಂಬ ಅವರ ಊರಿನ ದೇವಾಲಯದಲ್ಲಿ ಶವವನ್ನಿಟ್ಟು ಪ್ರತಿ ಸಂಜೆ ಭಿಕ್ಷುಗಳಿಂದ ಪಠಣ ನಡೆಯುತ್ತಿತ್ತು. ಶುಕ್ರವಾರ ನಾಲ್ಕು ಗಂಟೆಗೆ ದಹನ. ಹಿಂದಿನ ರಾತ್ರಿ ಅಕ್ಕ ಇಲ್ಲಿನ ಮನೆಗೆ ಬಂದಿದ್ದು ತಾಯಿಯ ದೊಡ್ಡ ಪಟವನ್ನೂ ತಾನೇ ಕತ್ತರಿಸಿ ಮಡಚಿ ಮಾಡಿದ್ದ ಮುನ್ನೂರು ಚಂದನದ ಹೂಗಳನ್ನೂ, ಅಂದರೆ ಬಂದವರೆಲ್ಲ ದಹನಕ್ಕೆ ಮೊದಲು ಪೆಟ್ಟಿಗೆಯ ಹತ್ತಿರ ಇಡುವ ಕೃತಕ ಹೂಗಳನ್ನೂ, ಒಯ್ಯಲು. ದಹನಕ್ಕೆ ಮೊದಲು ಪೆಟ್ಟಿಗೆ ತೆರೆದು ಎಳನೀರಿನಿಂದ ಮುಖ ತೊಳೆಯುತ್ತಾರೆ, ಅದನ್ನು ಮಾಡಬೇಕಾದವಳು ಹಿರಿಯ ಮಗಳು. ತಾಯಿ ಬದುಕಿದ್ದಾಗಲೇ ಅವಳಿಂದ ಮಾತು ತೆಗೆದುಕೊಂಡಿದ್ದಳಂತೆ, ನೀರು ನಿನ್ನ ಕೈಯಿಂದಲೇ ಬೀಳಬೇಕು ಎಂದು. ಗುರುವಾರ ನನ್ನ ಅಡುಗೆಮನೆಯಲ್ಲಿ ಕೂತು ಇದನ್ನು ಹೇಳುವಾಗ ಅಕ್ಕ ಅತ್ತಿರಲಿಲ್ಲ. ಅದೊಂದು ಕೆಲಸ ಸರಿಯಾಗಿ ಮಾಡಿಬಿಟ್ಟರೆ ಆಮೇಲೆ ಅಳುತ್ತೇನೆ ಎಂದಿದ್ದಳು. ನನ್ನ ಪರವಾಗಿಯೂ ಒಂದು ಹೂ ಇಡು ಎಂದಿದ್ದೆ.

ಇಷ್ಟೆಲ್ಲ ಗೊತ್ತಿದ್ದೂ ಅವಳ ಕಾರಿಗೇ ಅಡ್ಡ ನಿಲ್ಲಿಸಿದೆನಲ್ಲ! ಬೆಳಿಗ್ಗೆಯೇ ಹೊರಟಿರುತ್ತಾಳೆ, ಕಾರು ಬಿಟ್ಟು ತಮ್ಮನ ಜೊತೆ ಹೋಗಿರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವಳನ್ನೇ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

ಒಂದು ಗಂಟೆಗೆ ಸರಿಯಾಗಿ ಫೋನು ಬಂತು. ಸನನ್. ಬೇಗ ಕೆಳಗೆ ಬನ್ನಿ ಎಂದಷ್ಟೇ ಹೇಳಿದರು.

ಅಕ್ಕ ಕಪ್ಪು ಬಟ್ಟೆಯಲ್ಲಿ ನಿಂತಿದ್ದಳು. ಪಟ ಹಿಂದಿನ ಸೀಟಿನಲ್ಲಿ ಕೂತಿತ್ತು. ಕೈಯಿಟ್ಟು ತಳ್ಳಿದ್ದಾಳೆ, ಸನನ್ ತಳ್ಳಿದ್ದಾರೆ, ಕಾರು ಕದಲಿಲ್ಲ. ನನ್ನನ್ನು ನೋಡಿ ಅವಳಿಗೆ ನಗುವೇ ಬಂತು. ಚೀಟಿ ಬರೆಯೋಣ ಅಂತಿದ್ದೆ, ಪೆನ್ನು ಸಿಗಲಿಲ್ಲ ಎಂದಳು. ನಾನೂ ನಕ್ಕು ಒಳಗೆ ಕೂತು ಸ್ವಿಚ್ಚು ಒತ್ತಿದೆ. ಕೆಂಪು ದೀಪ ಮಿಣುಕಿತು. ಹಿಂದಿನ ಚಕ್ರದಲ್ಲಿ ಗರ್ ಎಂದು ಶುರುವಾಗಿ ಅರ್ಧಕ್ಕೇ ನಿಂತಿತು. ಇನ್ನೊಂದು ಸಲ. ಮತ್ತೊಂದು ಸಲ.

ಗೇಟಿನ ಹೊರಗೆ ಮೂರು ಟ್ಯಾಕ್ಸಿ ನಿಂತಿವೆ, ಹೇಳಿದರೆ ಒಂದನ್ನು ಕರೆಯುತ್ತೇನೆ ಎಂದು ಸನನ್ ಅಕ್ಕನಿಗೆ ಹೇಳಿದರು. ಮಳೆ ಇನ್ನೂ ಜಿಟಿಜಿಟಿಯೇ. ಒಂದೂಕಾಲು ಆಗಿತ್ತು. ಮೂರಕ್ಕೆ ಊರು ಸೇರಬಹುದಿತ್ತು.

ಅಕ್ಕ ಕಿಟಕಿಯ ಹತ್ತಿರ ಬಗ್ಗಿದಳು.

“ಬುಪ್ಪಾ, ಮುಂಚೆ ಯಾವತ್ತಾದ್ರೂ ಹಿಂಗಾಗಿತ್ತೇನೇ? ಆಗಿದ್ರೆ ಹೇಳ್ಬಿಡು, ನಾನು ಟ್ಯಾಕ್ಸೀಲಿ ಹೋಗ್ತೀನಿ.”

ಅವಳ ಭುಜದ ಹಿಂದೆ ಸನನ್ ನಿಂತಿದ್ದರು. ನನ್ನ ಮುಖ ನೋಡಿದರು, ಆಮೇಲೆ ತಮ್ಮ ಬೂಟು ನೋಡಿಕೊಂಡರು. ಆಗಲೇ ನಾಲ್ಕೈದು ಜನ ಸೇರಿದ್ದರು. ‘ಬಸ್ಸಿನಲ್ಲಿ ಓಡಾಡಿ’ ಎಂದು ನಾನು ಚೀಟಿ ಬರೆದಿದ್ದ ಏಳನೇ ಮಹಡಿಯ ಗಂಡಸು ಕೈಕಟ್ಟಿ ನಿಂತು ನೋಡುತ್ತಿದ್ದ.

“ಇಲ್ಲಕ್ಕ,” ಎಂದೆ. “ಇದೇ ಮೊದಲು. ಎರಡೇ ನಿಮಿಷ ತಾಳು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ಟ್ಯಾಕ್ಸಿ ಬೇಡವೆಂದು ಸನನ್ ಅವರಿಗೆ ಕೈಸನ್ನೆ ಮಾಡಿದಳು.

ನಾನು ಅವಳನ್ನು ಮೋಸ ಮಾಡಲು ಹಾಗೆ ಹೇಳಲಿಲ್ಲ. ಹಿಂದಿನ ಎರಡು ಸಲವೂ ಮೂರನೇ ನಾಲ್ಕನೇ ಒತ್ತಿಗೆ ಬಿಟ್ಟಿತ್ತು, ಈ ಸಲವೂ ಬಿಡುತ್ತದೆ, ಮಾನವೂ ಉಳಿಯುತ್ತದೆ, ಅವಳೂ ಹೊರಡುತ್ತಾಳೆ ಎಂದುಕೊಂಡೆ. ನಾಲ್ಕಾಯಿತು, ಹತ್ತಾಯಿತು, ಇಪ್ಪತ್ತಾಯಿತು. ಪ್ರತಿ ಸಲವೂ ಈಗ ಬಿಟ್ಟಿತು ಎನ್ನಿಸುವಷ್ಟು ಸದ್ದು ಮಾಡಿ ನಿಲ್ಲುತ್ತಿತ್ತು. ಅದೇ ನಮ್ಮನ್ನು ಕೆಡಿಸಿದ್ದು. ಪೂರ್ತಿ ಸತ್ತಿದ್ದರೆ ಅಕ್ಕ ಒಂದು ಕ್ಷಣವೂ ಕಾಯುತ್ತಿರಲಿಲ್ಲ.

ಬ್ಯಾಟರಿ ಇಳಿದಿರಬೇಕೆಂದು ಯಾರೋ ತಮ್ಮ ಕಾರಿನಿಂದ ವೈರು ಎಳೆದು ಕೊಟ್ಟರು. ಆಗಲಿಲ್ಲ. ನಾನು ಪ್ರಮೋತನಿಗೆ ಫೋನು ಮಾಡಿದೆ. ಅವನ ದನಿ ಹೊರಗೆ ಕೇಳಿಸದಂತೆ ಫೋನನ್ನು ಕಿವಿಗೆ ಒತ್ತಿ ಹಿಡಿದು ಮಾತಾಡಿದೆ, ಯಾಕೆಂದರೆ ಅವನು ಮೊದಲು ಬೈದ. ಅಡ್ಡ ನಿಲ್ಲಿಸಬೇಡಿ ಅಂದಿದ್ದೆನಲ್ಲ ಅಂದ. ಹೂಂ, ಹೂಂ ಎಂದೆ. ಚಕ್ರ ಬಿಚ್ಚಿ ಮೋಟರು ಕಳಚಬೇಕು, ತಾನು ಊರಾಚೆ ಇದ್ದೇನೆ, ಬರಲು ಒಂದು ಗಂಟೆ ಬೇಕು ಎಂದ. ನಾನು ಫೋನು ಇಟ್ಟು ಅಕ್ಕನ ಕಡೆ ತಿರುಗಿ, ಇನ್ನೆರಡು ಸಲ ಒತ್ತಿದರೆ ಬಿಡುತ್ತದಂತೆ ಎಂದೆ. ಇದು ಎರಡನೇ ಸುಳ್ಳು. ಮೊದಲನೆಯದನ್ನು ನಿಲ್ಲಿಸಿಕೊಳ್ಳಲು ಅದರ ಕೆಳಗೆ ಇದನ್ನು ಇಟ್ಟೆ.

ಒಂದೂಮುಕ್ಕಾಲಿಗೆ ಮಳೆ ಜಡಿಯಲು ಶುರುಮಾಡಿತು. ಬೀದಿಯಲ್ಲಿ ನೀರು ಏರಿತು. ಎರಡು ಗಂಟೆಗೆ ಅಕ್ಕ ತಾಳ್ಮೆ ಕಳೆದುಕೊಂಡು ಟ್ಯಾಕ್ಸಿ ನೋಡಿ ಎಂದಾಗ ಗೇಟಿನ ಹೊರಗೆ ಒಂದೂ ಇರಲಿಲ್ಲ. ಫೋನಿನಲ್ಲಿ ಕರೆದ ಕಾರು ಬರುತ್ತೇನೆಂದು ಹೇಳಿ ಎಂಟು ನಿಮಿಷ ಕಾಯಿಸಿ ಬರುವುದಿಲ್ಲ ಎಂದಿತು. ಇನ್ನೊಂದೂ ಹಾಗೆಯೇ ಮಾಡಿತು. ಅಕ್ಕನ ತಮ್ಮ ದೇವಾಲಯದಿಂದ ಮೂರು ಸಲ ಫೋನು ಮಾಡಿದ. ಬರ್ತೀನಿ, ಬರ್ತಾ ಇದೀನಿ ಎಂದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಎರಡೂವರೆಗೆ ಸನನ್ ಯಾರನ್ನೂ ಕೇಳದೆ ಎರಡು ಬಾಟಲಿ ಪಾತ್ರೆ ತೊಳೆಯುವ ಸೋಪು ತಂದರು. ಬಕೆಟ್ಟು ನೀರಿನಲ್ಲಿ ಕಲಸಿ ಹಿಂದಿನ ಎಡ ಚಕ್ರದ ಕೆಳಗೆ ಹೊಯ್ದರು. ನಮ್ಮ ಕಾರು ನಿಲ್ಲಿಸುವ ನೆಲ ಹಸಿರು ಬಣ್ಣ ಬಳಿದ ನುಣ್ಣನೆಯ ಸಿಮೆಂಟು. ಒಂಬತ್ತು ಜನ ಕೈಹಾಕಿದೆವು. ಏಳನೇ ಮಹಡಿಯವನೂ ಅಂಗಿಯ ತೋಳು ಮಡಿಸಿದ. ಕಚ್ಚಿಕೊಂಡ ಚಕ್ರ ಉರುಳದೆ, ಸೋಪಿನ ಮೇಲೆ ಕಿರುಗುಟ್ಟುತ್ತ, ಒಂದೊಂದು ಗೇಣು ಜಾರಿತು. ನಾನು ಎರಡು ಸಲ ಬಿದ್ದೆ. ಅಂಗೈ ಚರ್ಮ ಎದ್ದು ಬಂತು, ಸೋಪಿನ ನೀರಿಗೆ ಉರಿಯಿತು. ಹತ್ತು ನಿಮಿಷದಲ್ಲಿ ನೀಲಿ ಕಾರಿಗೆ ದಾರಿಯಾಯಿತು.

ಹತ್ತೇ ನಿಮಿಷ. ಒಂದೂಕಾಲಿಗೇ ಮಾಡಿದ್ದರೆ? ಸನನ್ ಅವರಿಗೆ ಆಗಲೂ ಹೊಳೆದಿರಬೇಕು. ಎರಡೇ ನಿಮಿಷದಲ್ಲಿ ಬಿಡುತ್ತದೆ ಎಂದು ನಾನು ಹೇಳುತ್ತಿರುವಾಗ ಯಾರು ತಾನೇ ಸೋಪು ತರುತ್ತಾರೆ?

ಅಕ್ಕ ಕಾರು ಹತ್ತುವ ಮೊದಲು ನನ್ನ ಕೈ ಹಿಡಿದು ತಿರುಗಿಸಿ ನೋಡಿ, ಅಯ್ಯೋ ರಕ್ತ ಬರ್ತಿದೆಯಲ್ಲೇ, ಔಷಧಿ ಹಾಕ್ಕೋ ಎಂದಳು. ಎರಡೂಮುಕ್ಕಾಲಿಗೆ ಗೇಟು ದಾಟಿದಳು. ನಾನು ಒದ್ದೆ ನೆಲದ ಮೇಲೆ ಕೂತು ಅತ್ತೆ. ಅಲ್ಲಿದ್ದವರು ಕೈ ನೋವಿಗೆ ಅಳುತ್ತಿದ್ದಾಳೆ ಎಂದುಕೊಂಡರು.

ನಾಲ್ಕು ಗಂಟೆಯಾಗುವವರೆಗೆ ಗಡಿಯಾರ ನೋಡುತ್ತಿದ್ದೆ. ಬುದ್ಧನ ಮುಂದೆ ಊದುಬತ್ತಿ ಹಚ್ಚಿ, ರಸ್ತೆ ಖಾಲಿ ಇರಲಿ, ಭಿಕ್ಷುಗಳು ತಡವಾಗಿ ಬರಲಿ, ಏನಾದರೂ ಆಗಲಿ, ಅವಳ ಕೈಯಿಂದ ಆ ನೀರು ಬೀಳಲಿ ಎಂದು ಬೇಡಿಕೊಂಡೆ. ಫೋನು ಮಾಡಲು ಧೈರ್ಯ ಬರಲಿಲ್ಲ.

ಮಳೆಯಿಂದಾಗಿ ಅಂದು ಬರಲಾಗದ ಪ್ರಮೋತ್ ಮರುದಿನ ಬೆಳಿಗ್ಗೆ ಬಂದು ಮೋಟರು ಬದಲಿಸಿದ. ಎರಡು ದಿನ ಮೊದಲೇ ಬಂದಿತ್ತಂತೆ, ನಾನು ಅವನ ಫೋನು ಎತ್ತಿರಲಿಲ್ಲ, ಶುಕ್ರವಾರ ಬೈಯುವ ಭರದಲ್ಲಿ ಅವನೂ ಹೇಳಿರಲಿಲ್ಲ. ಶನಿವಾರ ಸಂಜೆ ಅಸ್ಥಿಯ ಕೆಲಸವನ್ನೆಲ್ಲ ಮುಗಿಸಿಕೊಂಡು ಅಕ್ಕ ನೇರ ನನ್ನ ಬಾಗಿಲಿಗೆ ಬಂದಳು. ಕಣ್ಣು ಊದಿಕೊಂಡಿತ್ತು. ಊರಿನಿಂದ ಒಂದು ಡಬ್ಬಿ ಕರಿದ ಮೀನು ತಂದಿದ್ದಳು, ಜೊತೆಗೆ ದಹನಕ್ಕೆ ಬಂದವರಿಗೆ ಕೊಟ್ಟ ಮುಲಾಮಿನ ಸಣ್ಣ ಕರಡಿಗೆ. ಅದರ ಮುಚ್ಚಳದ ಮೇಲೆ ಅವಳ ತಾಯಿಯ ಹೆಸರು, ಹುಟ್ಟಿದ ಮತ್ತು ಸತ್ತ ದಿನ.

ನನ್ನನ್ನು ಕೂರಿಸಿ, ಮುಚ್ಚಳ ತಿರುಗಿಸಿ, ತರಚಿದ ಗಾಯದ ಸುತ್ತ ಮುಲಾಮು ಸವರುತ್ತ ತಾನೇ ಹೇಳಿದಳು. ನಾಲ್ಕೂಮುಕ್ಕಾಲಿಗೆ ತಲುಪಿದಳಂತೆ. ಐದಕ್ಕೆ ಇನ್ನೊಂದು ಮನೆಯವರ ದಹನವಿತ್ತು. ತಮ್ಮ ನಾಲ್ಕೂವರೆಯವರೆಗೆ ಭಿಕ್ಷುಗಳ ಕಾಲಿಗೆ ಬಿದ್ದು ತಡೆದಿದ್ದನಂತೆ. ಆಮೇಲೆ ಎಳನೀರು ಅವನೇ ಹೊಯ್ದ.

“ನಾನು ಮೆಟ್ಟಿಲು ಹತ್ತೋ ಹೊತ್ತಿಗೆ ಸುಡೋ ಗೂಡಿನ ಕಬ್ಬಿಣದ ಬಾಗಿಲು ಹಾಕ್ತಾ ಇದ್ರು. ಪೆಟ್ಟಿಗೆ ಕಾಲಿನ ಕಡೆ ಮಾತ್ರ ಕಾಣ್ತು,” ಎಂದಳು. “ಹೂಗಳೆಲ್ಲ ಹಾಗೇ ಡಬ್ಬೀಲಿ ಉಳೀತು. ನಿಂದೂ ಇಡೋಕಾಗ್ಲಿಲ್ಲ. ಇರ್ಲಿ ಬಿಡು. ಯಂತ್ರ ಕೈಕೊಟ್ರೆ ನೀನೇನ್ ಮಾಡ್ತೀಯ. ಪಾಪ, ನನಗೋಸ್ಕರ ಕೈ ಹಿಂಗೆ ಮಾಡ್ಕೊಂಡಿದೀಯ.”

ಆ ಮುಲಾಮಿನ ವಾಸನೆಯಲ್ಲಿ ಕೂತು ಮೂರನೇ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಸುಮ್ಮನಿದ್ದರೂ ಸಾಕಿತ್ತು, ಅವಳು ನನ್ನನ್ನು ಕ್ಷಮಿಸಿಯೇ ಬಂದಿದ್ದಳು. ಆದರೆ ಕ್ಷಮಿಸಿದ್ದು ಯಾವುದನ್ನು ಎಂದು ಅವಳಿಗೆ ಗೊತ್ತಿರಲಿಲ್ಲ.

“ಅಕ್ಕ, ಅದು ಮೊದಲ ಸಲ ಆಗಿದ್ದಲ್ಲ,” ಎಂದೆ. “ಮುಂಚೆ ಎರಡು ಸಲ ಆಗಿತ್ತು. ಅಡ್ಡ ನಿಲ್ಲಿಸ್ಬೇಡಿ ಅಂತ ಪ್ರಮೋತ್ ಹೇಳಿದ್ದ. ನೀನು ಕೇಳ್ದಾಗ ನಾಚಿಕೆ ಆಯ್ತು, ಇಲ್ಲ ಅಂದ್ಬಿಟ್ಟೆ.”

ಅವಳ ಬೆರಳು ನನ್ನ ಅಂಗೈ ಮೇಲೆ ನಿಂತಿತು. ಮೇಲಿನ ಮನೆಯಲ್ಲಿ, ಅಂದರೆ ಅವಳದೇ ಮನೆಯಲ್ಲಿ, ಫೋನು ಬಡಿದುಕೊಂಡು ನಿಂತಿತು.

“ಆವಾಗ ಹೊರಗೆ ಮೂರು ಟ್ಯಾಕ್ಸಿ ಇದ್ವು,” ಎಂದಳು.

ಹೌದು ಎಂದೆ. ಅಷ್ಟೇ. ಅವಳು ಇನ್ನೊಂದು ಕೈಗೂ ಮುಲಾಮು ಹಚ್ಚಿದಳು, ಕರಡಿಗೆಯ ಮುಚ್ಚಳ ಬಿಗಿ ಮಾಡಿ ಮೇಜಿನ ಮೇಲಿಟ್ಟಳು, ಮೀನು ಹಾಳಾಗುವ ಮೊದಲು ತಿನ್ನು ಎಂದು ಹೇಳಿ ಹೋದಳು.

ನಾನು ಚೀಟಿ ಅಂಟಿಸುವುದನ್ನು ಬಿಟ್ಟೆ. ಅದು ದೊಡ್ಡ ಪ್ರಾಯಶ್ಚಿತ್ತವೇನೂ ಅಲ್ಲ, ಕೈ ಏಳುವುದಿಲ್ಲ, ಅಷ್ಟೇ. ಮುಂದಿನ ವಾರ ಸನನ್ ಅವರಿಗೆ ಹಣ್ಣು ಕೊಡಲು ಹೋದರೆ, ಇನ್ನು ಮೇಲೆ ಬೇಡ ಅಕ್ಕೋರೇ ಎಂದು ಬುಟ್ಟಿಯನ್ನು ನನ್ನ ಕಡೆಗೇ ಸರಿಸಿದರು. ಅವರ ಬಾಯಿ ಕಟ್ಟಿಸಿದ್ದು ನಾನಲ್ಲವೇ, ಅವರೂ ನಾಲ್ಕು ದಿನ ಅಕ್ಕನ ಮುಖ ನೋಡಲಾಗದೆ ಓಡಾಡಿದ್ದರು.

ಪ್ರಯೋಂಗ್ ಅಕ್ಕ ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಪಾಯಸ ಕಳಿಸುತ್ತಾಳೆ, ಲಿಫ್ಟಿನಲ್ಲಿ ಸಿಕ್ಕರೆ ಮಂಡಿನೋವು ಹೇಗಿದೆ ಎಂದು ಕೇಳುತ್ತಾಳೆ. ಬ್ರೇಕು ಈಗ ಸರಿಯಾಗಿದೆ, ಒಂದು ಬೆರಳಿನಲ್ಲಿ ತಳ್ಳಿದರೂ ಕಾರು ಸರಿಯುತ್ತದೆ. ಅವಳ ಕಾರಿಗೆ ಅಡ್ಡ ನಿಲ್ಲಿಸಬಾರದೆಂದು ಆದಷ್ಟು ನೋಡುತ್ತೇನೆ, ಆದರೆ ನೂರ ಅರವತ್ತು ಮನೆಗೆ ಅರವತ್ತು ಜಾಗ, ತಿಂಗಳಿಗೆ ಒಂದೆರಡು ಸಲ ಬೇರೆ ದಾರಿಯೇ ಇರುವುದಿಲ್ಲ. ಅಂಥ ದಿನ ನನ್ನ ಅಡುಗೆಮನೆಯ ಕಿಟಕಿಯಿಂದ ಕೆಳಗೆ ನೋಡುತ್ತೇನೆ.

ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಅಕ್ಕ ಮನೆಯ ಬಟ್ಟೆಯಲ್ಲಿ ಇಳಿದು ಬರುತ್ತಾಳೆ. ನನ್ನ ಕಾರಿನ ಹಿಂಭಾಗಕ್ಕೆ ಎರಡೂ ಅಂಗೈ ಒತ್ತಿ ಒಂದು ಗೇಣು ಮುಂದೆ ತಳ್ಳುತ್ತಾಳೆ. ಆಮೇಲೆ ಮುಂದೆ ಬಂದು ಮತ್ತೆ ಅದೇ ಜಾಗಕ್ಕೆ ತಳ್ಳುತ್ತಾಳೆ. ಸರಿಯಿತು ಎಂದು ಗಟ್ಟಿ ಮಾಡಿಕೊಂಡು, ಕೈ ಒರೆಸಿಕೊಂಡು, ಬಟ್ಟೆ ಬದಲಿಸಲು ಮೇಲೆ ಹೋಗುತ್ತಾಳೆ. ಬೇರೆ ಯಾರ ಕಾರು ಅಡ್ಡ ನಿಂತಿದ್ದರೂ ಅವಳು ಹೀಗೆ ಮಾಡುವುದಿಲ್ಲ.